ಹಾಡುತ್ತಾ ಬಂದ ಕೆಂಪು ದೋಣಿ

"ಅಯ್ಯೋ ದೇವರೇ, ಯಾರಿವನು!"

ಸೈಮಿ ಕನ್ನಡಿಯಲ್ಲಿ ಮತ್ತೆ ನೋಡಿದಳು. ಬೂದು ಬಣ್ಣದ ಆ ವ್ಯಾನು ಅವಳ ಪುಟ್ಟ ಕಾರಿನ ಬೆನ್ನು ಬಿಡುತ್ತಿರಲಿಲ್ಲ. ಓಡಿಸುವವನು ದೀಪ ಮಿಣುಕಿಸುತ್ತಿದ್ದ, ಹಾರ್ನ್ ಒತ್ತುತ್ತಿದ್ದ. ಒಂದು ಕಡೆ ಕಾಡು, ಇನ್ನೊಂದು ಕಡೆ ಸುಪೀರಿಯರ್ ಸರೋವರದ ನೀಲಿ ನೀರು. ಅವರಿಬ್ಬರನ್ನು ಬಿಟ್ಟರೆ ರಸ್ತೆಯಲ್ಲಿ ಮತ್ತೊಂದು ಜೀವವಿರಲಿಲ್ಲ.

'ದಾಟಿ ಹೋಗೋ ಮಾರಾಯ... ಇಷ್ಟಗಲ ರಸ್ತೆ ಇದೆಯಲ್ಲ!'

ಅವನು ದಾಟಲಿಲ್ಲ. ಪಕ್ಕಕ್ಕೇ ಬಂದ. ಗಾಜು ಇಳಿಸಿ ಏನೋ ಕೂಗಿದ. ಬೆರಳೆತ್ತಿ ಮೇಲೆ, ಆಕಾಶದ ಕಡೆಗೆ ತೋರಿಸಿದ.

'ಕುಡಿದಿದ್ದಾನೆ! ಹಬ್ಬದ ಹಿಂದಿನ ದಿನ, ಬೆಳಗ್ಗೆಯೇ ಕುಡಿದಿದ್ದಾನೆ!'

ಅಷ್ಟರಲ್ಲಿ ಅವಳ ಕಣ್ಣೆದುರಿನ ಗಾಜಿನ ಮೇಲೆ ಹಾವಿನಂತೆ ಏನೋ ಹಾರಿ ಬಿದ್ದು ಜಾರಿತು. ಹಗ್ಗ! ಅವನು ತೋರಿಸಿದ್ದು ಆಕಾಶವನ್ನಲ್ಲ, ಅವಳ ಕಾರಿನ ಮೇಲಿದ್ದ ದೋಣಿಯನ್ನು.

ಮಗುಚಿ ಕಟ್ಟಿದ್ದ ಆ ಕೆಂಪು ದೋಣಿಯನ್ನು ಅವಳ ಅಜ್ಜ ಉರ್ಹೋ ತನ್ನ ಮದುವೆಯ ವರ್ಷ ದೇವದಾರಿನ ತೆಳುಹಲಗೆ ಬಾಗಿಸಿ, ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದು, ಸ್ವಂತ ಕೈಯಿಂದ ಮಾಡಿದ್ದ. ನಮ್ಮ ಲೂನ್ ಕೊಲ್ಲಿಯಲ್ಲಿ ಯುಹಾನ್ನುಸ್ ಎಂಬ ನಡುಬೇಸಿಗೆಯ ಹಬ್ಬದ ದಿನ ಎಲ್ಲರೂ ಚರ್ಚಿಗೆ ನೀರಿನ ಮೇಲೇ ಬರುತ್ತೇವೆ. ಪಾದ್ರಿಗಳು ದಂಡೆಯಲ್ಲಿ ನಿಂತು ಒಂದೊಂದು ದೋಣಿಯನ್ನೂ ಹೆಸರು ಹಿಡಿದು ಬರಮಾಡಿಕೊಳ್ಳುತ್ತಾರೆ. ಉರ್ಹೋ ಮತ್ತು ಹಿಲ್ಯಾ ದಂಪತಿ ಒಂದು ವರ್ಷವೂ ತಪ್ಪಿಸಿದವರಲ್ಲ.

ಹೋದ ಚಳಿಗಾಲದಲ್ಲಿ ಉರ್ಹೋ, ನಗರದಲ್ಲಿದ್ದ ಸೈಮಿಯ ಗ್ಯಾರೇಜಿನಲ್ಲಿ ದೋಣಿಗೆ ಹೊಸ ಬಟ್ಟೆ ಬಿಗಿದಿದ್ದ. ಬಣ್ಣ ಬಳಿಯುವ ಮೊದಲೇ ಕರ್ತನು ಅವನನ್ನು ಕರೆದುಕೊಂಡನು. ಬಣ್ಣವನ್ನು ಮೊಮ್ಮಗಳೇ ಬಳಿದಳು. ಅಳುತ್ತಾ ಬಳಿದಳು.

"ಈ ಸಲವೂ ನಾನು ನೀರಿನ ಮೇಲೇ ಚರ್ಚಿಗೆ ಹೋಗೋದು," ಎಂದಿದ್ದಳು ಅಜ್ಜಿ ಫೋನಿನಲ್ಲಿ. "ಅದೂ ಅವನ ದೋಣೀಲೇ. ಬೇರೆ ದೋಣಿ ಅಂದ್ರೆ ನಾನು ಮನೇಲೇ ಕೂತು ಪ್ರಾರ್ಥನೆ ಮಾಡ್ಕೋತೀನಿ, ಹೋಗು!"

ಹಬ್ಬ ನಾಳೆ. ದೋಣಿ ಇವತ್ತು ಒಂದು ಬಿರುಕೂ ಇಲ್ಲದೆ ಊರು ಮುಟ್ಟಬೇಕು.

ಸೈಮಿ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

ವ್ಯಾನಿನವನು ಇಳಿದು ಬಂದ. ಎತ್ತರದ ಆಳು, ಕೆದರಿದ ಕೂದಲು.

"ಒಬ್ಬ ಹೆಂಗಸು ಒಂಟಿಯಾಗಿ ಹೋಗ್ತಿದ್ರೆ ಹೀಗಾ ಬೆನ್ನು ಹತ್ತೋದು?" ಅವಳು ಮೊದಲೇ ಬಾಯಿ ಮಾಡಿದಳು. ಹೆದರಿದವರು ಹಾಗೆಯೇ.

"ತಪ್ಪಾಯ್ತು ರೀ. ದೋಣಿ ಕೆಳಗೆ ಬಿದ್ದ ಮೇಲೆ ಪರಿಚಯ ಮಾಡ್ಕೊಳ್ಳೋದು ಬೇಡ, ಮೊದಲೇ ಮಾಡ್ಕೊಳ್ಳೋಣ ಅನ್ನಿಸ್ತು." ಅವನು ಬಾನೆಟ್ಟಿನಿಂದ ನೇತಾಡುತ್ತಿದ್ದ ಹಗ್ಗ ಎತ್ತಿ ತೋರಿಸಿದ. "ಇನ್ನೊಂದು ಗುಂಡಿ ಸಿಕ್ಕಿದ್ರೆ ಇದು ಚಕ್ರಕ್ಕೆ ಸುತ್ತಿಕೊಳ್ತಿತ್ತು. ಆಗ ದೋಣಿಯ ಮೂತಿ ನೇರ ನಿಮ್ಮ ಮಡಿಲಿಗೆ!"

ಅವನು ಹಗ್ಗದ ತುದಿಯ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ದೋಣಿಗೆ ಕಟ್ಟಿದ್ದಾ, ಹುಟ್ಟುಹಬ್ಬದ ಉಡುಗೊರೆಗೆ ಕಟ್ಟಿದ್ದಾ?"

"ನಾನು ಶಿಶುವಿಹಾರದ ಟೀಚರು. ದಿನಾ ಮಕ್ಕಳ ಬೂಟಿನ ಲೇಸು ಕಟ್ತೀನಿ. ಒಂದೂ ಬಿಚ್ಚಿಕೊಂಡಿಲ್ಲ!"

"ಬೂಟು ಇಷ್ಟು ಜೋರಾಗಿ ಓಡಲ್ಲ ಅಲ್ವಾ."

ನಗಬಾರದು ಎಂದುಕೊಂಡರೂ ಸೈಮಿಗೆ ನಗು ಬಂತು. ಅದನ್ನು ಮರೆಸಲು ಹಿಂದಕ್ಕೆ ಹೋಗಿ, ದೋಣಿಯ ಬಾಲಕ್ಕೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ಸುಮ್ಮನೆ ಸರಿಪಡಿಸುತ್ತಾ ನಿಂತಳು. ಅವನು ಮೂತಿಯ ಹಗ್ಗವನ್ನು ಎರಡು ಬದಿಗೂ ಬಿಗಿದು, ಉಳಿದ ತುದಿಯನ್ನು ಸುತ್ತಿ ಸಿಕ್ಕಿಸಿದ. ಆಮೇಲೆ ಕಾರಿನ ಮೇಲಿನ ಅಡ್ಡಕಂಬಿಗಳಿಗೆ ದೋಣಿಯನ್ನು ಬಿಗಿದಿದ್ದ ಎರಡು ಪಟ್ಟಿಗಳನ್ನೂ ಸಡಿಲಿಸಿ, ಅದೇನೋ ಮಾಡಿ ಮತ್ತೆ ಬಿಗಿದ.

"ಪಟ್ಟಿಗೆ ಒಂದೊಂದು ತಿರುವು ಹಾಕಿದೀನಿ. ಇನ್ನು ಯಾವ ಗೋಳೂ ಇಲ್ಲ."

ಯಾವ ಗೋಳು ಎಂದು ಸೈಮಿ ಕೇಳಲಿಲ್ಲ. "ಥ್ಯಾಂಕ್ಸ್" ಎಂದವಳೇ ಕಾರು ಹತ್ತಿದಳು. ಅವನ ಕಣ್ಣು ತಿಳಿಯಾದ ಕಂದು ಬಣ್ಣದವು ಎಂಬುದನ್ನು ಯಾಕೆ ಗಮನಿಸಿದೆನೆಂದು ತನ್ನನ್ನೇ ಬೈದುಕೊಂಡಳು.

ಕಾರು ಓಡಿತು. ದೋಣಿ ಮಿಸುಕಲಿಲ್ಲ. ಎಲ್ಲವೂ ಸರಿಯಾಗಿತ್ತು...

ಆದರೂ ಏನೋ ಇಲ್ಲ!

ಏನು? ಅವಳು ತಡಕಾಡಿದಳು. ಕೈಚೀಲ ಇದೆ. ಅಜ್ಜಿಗೆ ತಂದ ಕಾಫಿಪುಡಿ ಇದೆ. ಆದರೆ ಕಾರಿನೊಳಗೆ ಯಾರೋ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದುಹೋದ ಹಾಗಿತ್ತು.

ಮುಂದಿನ ಪೆಟ್ರೋಲ್ ಬಂಕ್ ಬರುವ ಹೊತ್ತಿಗೆ ಹೊಳೆಯಿತು. ಸದ್ದು! ಪಟ್ಟಿಯ ಸದ್ದು!

ಅಜ್ಜನ ಕಾರಿನ ಮೇಲೆ ದೋಣಿ ಇದ್ದಾಗಲೆಲ್ಲ ಗಾಳಿಗೆ ಪಟ್ಟಿ ಗುಂಯ್ಯೆಂದು ಹಾಡುತ್ತಿತ್ತು. ಅವನು ಒಳನಾಡಿನ ಕೆರೆಗಳಲ್ಲಿ ಮೀನು ಹಿಡಿದು ವಾಪಸು ಬರುವಾಗ ಆ ಹಾಡು ಗುಡ್ಡದ ತಿರುವಿನಲ್ಲೇ ಮನೆಗೆ ಕೇಳುತ್ತಿತ್ತು. ಕೇಳಿದ ಕೂಡಲೇ ಅಜ್ಜಿ ಕಾಫಿಗೆ ನೀರಿಡುತ್ತಿದ್ದಳು. ಇವತ್ತು ಬೆಳಗ್ಗೆ ಹೊರಟಾಗಿನಿಂದ ಆ ಸದ್ದು ಸೈಮಿಯ ಜೊತೆಗಿತ್ತು. ಅಜ್ಜ ಪಕ್ಕದಲ್ಲಿ ಕೂತಂತೆಯೇ ಇತ್ತು. ಈಗ...

ಬಂಕಿನ ಪಕ್ಕದ ಹೋಟೆಲಿನಲ್ಲಿ, ದಾರಿಯಲ್ಲಿ ಅವಳನ್ನು ದಾಟಿ ಬಂದಿದ್ದ ಬೂದು ವ್ಯಾನಿನವನು ಡೋನಟ್ ತಿನ್ನುತ್ತಾ ಕೂತಿದ್ದ. ಸೈಮಿ ನೇರ ಅವನ ಮೇಜಿಗೇ ಹೋದಳು.

"ಪಟ್ಟಿಗೆ ಏನು ಮಾಡಿದ್ರಿ ನೀವು? ಸದ್ದೇ ಇಲ್ಲ!"

ಅವನ ಮುಖ ಅರಳಿತು. "ಅಲ್ವಾ? ತಿರುವು ಹಾಕಿದ್ರೆ ಗಾಳಿ ಸೀಳಿಹೋಗುತ್ತೆ, ಪಟ್ಟಿ ನಡುಗಲ್ಲ. ನನ್ನ ಹೆಸರು ಎಮಿಲ್, ಎಮಿಲ್ ಗೋತಿಯೇ. ಚರ್ಚುಗಳ ಹಾರ್ಮೋನಿಯಂ, ಆರ್ಗನ್ ಎಲ್ಲ ಶ್ರುತಿ ಮಾಡೋದು ನನ್ನ ಕೆಲಸ. ಅಪಸ್ವರ ಅಂದ್ರೆ ನನಗೆ ಹಲ್ಲುನೋವಿದ್ದ ಹಾಗೆ. ನೀವು ನಗರದಲ್ಲಿ ಸಿಗ್ನಲ್ ದಾಟಿದಾಗಲೇ ಆ ಗುಂಯ್‌ಗುಂಯ್ ಕೇಳಿದ್ದೆ. ಅಬ್ಬಬ್ಬಾ!"

"ನಮ್ಮಜ್ಜ ಯಾವತ್ತೂ ತಿರುವು ಹಾಕ್ತಿರಲಿಲ್ಲ."

"ಹಾಗಾದ್ರೆ ಶುದ್ಧ ಸೋಮಾರಿ ಇರಬೇಕು ನಿಮ್ಮಜ್ಜ!" ಎಮಿಲ್ ನಕ್ಕ. "ಒಂದು ತಿರುವು ಹಾಕೋಕೆ ಏನು ಕಷ್ಟ? ಅವರಿಗೆ ಹೇಳಿ..."

"ಹೇಳೋಕಾಗಲ್ಲ," ಎಂದಳು ಸೈಮಿ. "ಹೋದ ಚಳಿಗಾಲದಲ್ಲಿ ಮಣ್ಣು ಮಾಡಿದ್ವಿ."

ಎಮಿಲನ ಕೈಯಲ್ಲಿದ್ದ ಡೋನಟ್ ಅಲ್ಲೇ ನಿಂತಿತು. ಅವನು ಏಳುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

'ಸೋಮಾರಿಯಂತೆ! ಬದುಕಿನಲ್ಲಿ ಒಂದು ದಿನ ಕೈಕಟ್ಟಿ ಕೂತವನಲ್ಲ ನಮ್ಮಜ್ಜ!'

ಕಣ್ಣೀರು ಒರೆಸುತ್ತಲೇ ಅವಳು ಎರಡೂ ಪಟ್ಟಿಗಳ ಬಕಲ್ ಬಿಚ್ಚಿ, ತಿರುವು ತೆಗೆದು, ತಾನೇ ಎಳೆದು ಬಿಗಿದಳು. ಕೋಪದಲ್ಲಿ ಇನ್ನೊಂದು ಬದಿಗೆ ಹೋಗಿ ನೋಡುವುದನ್ನು ಮರೆತಳು.

ರಸ್ತೆಗಿಳಿದ ಕೂಡಲೇ... ಗುಂಯ್‌ಯ್‌ಯ್!

"ಬಂದ್ಯಾ ಅಜ್ಜ!" ಎಂದು ಸೈಮಿ ಅಳುತ್ತಾ ನಕ್ಕಳು. ಅವನಿಷ್ಟದ ಕೀರ್ತನೆಯನ್ನು ಆ ಸದ್ದಿನ ಜೊತೆ ಹಾಡಲಾರಂಭಿಸಿದಳು. ಕಾಡು ಹಿಂದಕ್ಕೆ ಓಡಿತು, ಸರೋವರ ಮಿನುಗಿತು.

ಊರಿನ ಕಡೆಯ ಮಣ್ಣುರಸ್ತೆಗೆ ತಿರುಗಿ ಸ್ವಲ್ಪ ದೂರ ಹೋಗಿದ್ದಳಷ್ಟೆ. ಹಾಡುತ್ತಿದ್ದವಳಿಗೆ ತನ್ನ ಸ್ವರ ಎಲ್ಲೋ ತಪ್ಪುತ್ತಿದೆ ಎನ್ನಿಸಿತು. ನಿಲ್ಲಿಸಿ ಕಿವಿಗೊಟ್ಟಳು. ತಪ್ಪಿದ್ದು ಅವಳಲ್ಲ, ಪಟ್ಟಿ. ಅದರ ಸ್ವರ ಕೆಳಗಿಳಿಯುತ್ತಿತ್ತು... ಇನ್ನೂ ಕೆಳಗೆ... ಬೇನೆ ಬಂದವರ ನರಳಿಕೆಯ ಹಾಗೆ.

ಆಗ ಬಾಲ್ಯದ ಒಂದು ಮಾತು ನೆನಪಾಯಿತು. ಹಿಂದಿನ ಸೀಟಿನಲ್ಲಿ ಕಾಲಾಡಿಸುತ್ತಾ ಕೂತ ಹುಡುಗಿಗೆ ಅಜ್ಜ ಹೇಳುತ್ತಿದ್ದ: "ಸ್ವರ ಇಳೀತಾ ಸೈಮಿ? ಇಳಿದ್ರೆ ಹೇಳಮ್ಮ, ಕಾರು ನಿಲ್ಲಿಸೋಣ." ಅವಳು ಅದನ್ನು ಆಟವೆಂದುಕೊಂಡಿದ್ದಳು!

ಸೈಮಿ ಬ್ರೇಕ್ ಒತ್ತಿದಳು. ಇಳಿದು ಆಚೆ ಬದಿಗೆ ಓಡಿದಳು.

ಆ ಬದಿಯಲ್ಲಿ ಮುಂದಿನ ಪಟ್ಟಿ ಅಡ್ಡಕಂಬಿಯ ತುದಿಗೆ ಜಾರಿಕೊಂಡಿತ್ತು. ಇನ್ನೊಂದು ಬೆರಳಷ್ಟು ಜಾರಿದ್ದರೆ ಕಳಚಿ ಹೋಗುತ್ತಿತ್ತು. ದೋಣಿ ಆಗಲೇ ಒಂದು ಕಡೆಗೆ ವಾಲಿತ್ತು.

ಅವಳು ದೋಣಿಯ ಮೈಗೆ ಕೆನ್ನೆಯೊತ್ತಿ ನಿಂತುಬಿಟ್ಟಳು. "ದೇವರೇ, ನಿನಗೆ ಸ್ತೋತ್ರ... ಅಜ್ಜ, ನೀನು ಹೇಳದಿದ್ರೆ..."

ಹಿಂದೆ ವ್ಯಾನು ನಿಂತ ಸದ್ದಾಯಿತು. ಎಮಿಲ್ ಇಳಿದು, ನಾಲ್ಕು ಹೆಜ್ಜೆ ದೂರದಲ್ಲೇ ನಿಂತ.

"ನಿಮ್ಮನ್ನ ಹಿಂಬಾಲಿಸಲಿಲ್ಲ ರೀ, ಆಣೆಗೂ. ನಾನೂ ಲೂನ್ ಕೊಲ್ಲಿಗೇ ಹೋಗ್ತಿರೋದು, ನಾಳೆಗೆ ಅಲ್ಲಿನ ಹಾರ್ಮೋನಿಯಂ ಶ್ರುತಿ ಮಾಡ್ಬೇಕು." ಅವನು ತಲೆ ತಗ್ಗಿಸಿದ. "ಆ ಮಾತು... ಆಡಬಾರದಿತ್ತು. ನಾಲಿಗೆ ಕಚ್ಚಿಕೊಳ್ತಾ ಬಂದೆ."

ಸೈಮಿ ಬೈಯಲಿಲ್ಲ. ಪಟ್ಟಿಯನ್ನು ತೋರಿಸಿದಳು. ಸ್ವರ ಇಳಿದದ್ದನ್ನೂ ಅಜ್ಜ ಕೇಳುತ್ತಿದ್ದದ್ದನ್ನೂ ಹೇಳಿದಳು. ಹೇಳುತ್ತಿದ್ದಂತೆ ಎಮಿಲನ ಕಣ್ಣು ಅಗಲವಾದವು.

"ಸಡಿಲ ಆದ್ರೆ ಸ್ವರ ಇಳಿಯುತ್ತೆ... ಹೌದಲ್ಲ! ತಂತಿಯ ಹಾಗೇ! ಅಯ್ಯೋ ನನ್ನ ಮಂಕುತನವೇ! ಸೋಮಾರಿತನ ಅಲ್ಲ ರೀ ಅದು. ನಿಮ್ಮಜ್ಜ ಕಾರಿನ ಮೇಲೆ ಕಾವಲುಗಾರನ್ನ ಕೂರಿಸಿದ್ರು. ನಾನು ಹೋಗಿ ಅವನ ಬಾಯಿ ಕಟ್ಟಿಬಿಟ್ಟೆ!"

ಅವನ ಕಣ್ಣಂಚು ಒದ್ದೆಯಾಗಿತ್ತು. ಸತ್ತವರನ್ನು ಅರ್ಥಮಾಡಿಕೊಂಡವನ ಮೇಲೆ ಬದುಕಿರುವವರು ಎಷ್ಟು ಹೊತ್ತು ಕೋಪ ಇಟ್ಟುಕೊಂಡಾರು?

"ತಪ್ಪು ನನ್ನದೂ ಇದೆ," ಎಂದಳು ಸೈಮಿ ಮೆಲ್ಲಗೆ. "ದೋಣಿ ಕಟ್ಟೋಕೆ ಇಬ್ಬರು ಬೇಕು. ನಮ್ಮನೇಲಿ ಅಜ್ಜ ಈ ಕಡೆಯಿಂದ ಪಟ್ಟಿ ಎಸೆದು 'ಹಿಡಿ' ಅಂತಿದ್ದ. ಆ ಕಡೆಯಿಂದ ಅಜ್ಜಿ ಕಂಬಿಯ ಒಳಗೆ ಹಾಕಿ 'ಹಿಡಿದೆ' ಅನ್ನಬೇಕು. ಆ ಮಾತು ಕೇಳೋ ತನಕ ಅಜ್ಜ ಎಳೀತಿರಲಿಲ್ಲ. ನನಗೆ ಆ ಕಡೆ ಯಾರೂ ಇರಲಿಲ್ಲ."

ಎಮಿಲ್ ಆ ಕಡೆಗೆ ಹೋಗಿ ನಿಂತ.

"ಹಿಡಿ," ಎಂದಳು ಸೈಮಿ.

"ಹಿಡಿದೆ!"

ಹಿಂದಿನ ಪಟ್ಟಿಗೆ ತಿರುವು, ಮುಂದಿನದಕ್ಕೆ ಇಲ್ಲ ಎಂದು ಇಬ್ಬರೂ ಒಪ್ಪಿದರು. ಆದರೆ ಎಷ್ಟು ಬಿಗಿಯಬೇಕು? ಓಡಿದರಲ್ಲವೇ ಅದು ಹಾಡುವುದು! ಎಮಿಲ್ ವ್ಯಾನನ್ನು ಅಲ್ಲೇ ಬಿಟ್ಟು, ಶ್ರುತಿ ನೋಡುವ ಉಕ್ಕಿನ ಕವಲು ಹಿಡಿದು ಅವಳ ಪಕ್ಕದಲ್ಲಿ ಬಂದು ಕೂತ. ಕಾರು ಸೇತುವೆಯ ತನಕ ಹೋಯಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಇನ್ನೂ ಮೇಲೆ ಬೇಕು!"

ನಿಲ್ಲಿಸಿ, ಬಿಗಿದು, ಮತ್ತೆ ಹೋದರು. ತಿರುಗಿ ಬಂದರು. ಎದುರಿಗೆ ಬಂದ ಮರದ ದಿಮ್ಮಿ ಹೊತ್ತ ಲಾರಿಯ ಮುದುಕ ಗಾಡಿ ನಿಧಾನಿಸಿ ಕೇಳಿದ, "ಏನಮ್ಮಾ, ದಾರಿ ತಪ್ಪಿತಾ? ಆಗಿನಿಂದ ಇಲ್ಲೇ ಸುತ್ತುತ್ತಿದ್ದೀರಿ?"

"ಇಲ್ಲ ತಾತಾ, ಕಾರಿಗೆ ಸಂಗೀತಪಾಠ!" ಎಂದ ಎಮಿಲ್.

"ಅದ್ಯಾವ ಕಾಲ ಬಂತಪ್ಪಾ!" ಎನ್ನುತ್ತಾ ಮುದುಕ ಹೋದ. ಇಬ್ಬರೂ ಬಿದ್ದುಬಿದ್ದು ನಕ್ಕರು.

ಕೊನೆಗೆ ಸೈಮಿ ತಟ್ಟನೆ ಕೈಯೆತ್ತಿದಳು. "ಇದೇ! ಇದೇ ಅಜ್ಜನ ಸ್ವರ!"

ಎಮಿಲ್ ಕವಲನ್ನು ಕಿವಿಗಿಟ್ಟು ಮುಖ ಹಿಂಡಿದ. "ಕಾಲು ಸ್ವರ ತಗ್ಗಿದೆ ರೀ. ಇನ್ನೊಂದೇ ಒಂದು ಎಳೆತ, ಶುದ್ಧವಾಗುತ್ತೆ!"

"ಬೇಡ! ಇನ್ನು ಎಳೆದ್ರೆ ದೋಣಿಯ ಅಂಚು ಬಿರಿಯುತ್ತೆ. ಮರ ತಡೆಯೋದೇ ಇಷ್ಟು."

"ಆದ್ರೆ ಇದು ಅಪಸ್ವರ..."

"ಇರಲಿ ಬಿಡಿ. ನಮ್ಮಜ್ಜನದು."

ಎಮಿಲ್ ಅವಳನ್ನು ನೋಡಿದ. ಅಪಸ್ವರ ಕಂಡಲ್ಲೆಲ್ಲ ತಿದ್ದುವುದೇ ಅವನ ಬದುಕಾಗಿತ್ತು. ಕವಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಇರಲಿ," ಎಂದ. "ಕೇಳ್ತಾ ಕೇಳ್ತಾ ಚೆನ್ನಾಗೇ ಇದೆ."

ಸೈಮಿಯ ಎದೆಯಲ್ಲಿ ಏನೋ ಸಣ್ಣಗೆ ಮೀಟಿದಂತಾಯಿತು.

ಕಾರು ಮುಂದೆ, ವ್ಯಾನು ಹಿಂದೆ, ಗುಡ್ಡದ ತಿರುವು ದಾಟಿದವು. ಕೆಳಗೆ ಕೊಲ್ಲಿಯ ದಂಡೆಯ ಮನೆಯಲ್ಲಿ ಹಿಲ್ಯಾ ಅಜ್ಜಿ ಏಲಕ್ಕಿ ಬ್ರೆಡ್ಡನ್ನು ಜಡೆಯಂತೆ ಹೆಣೆಯುತ್ತಾ ನಿಂತಿದ್ದಳು. ಆ ಹಾಡು ಕೇಳಿದ್ದೇ ಹಿಟ್ಟಿನ ಕೈ ಹಾಗೇ ನಿಂತಿತು. ಅಗಲಿದವರಿಗಾಗಿ ಕಿವಿ ಕಾಯುವುದನ್ನು ಬಿಡುವುದಿಲ್ಲ, ಬುದ್ಧಿ ಎಷ್ಟು ಹೇಳಿದರೂ ಬಿಡುವುದಿಲ್ಲ. ಕಳೆದುಕೊಂಡವರಿಗೆ ಇದು ಗೊತ್ತು.

ಸೈಮಿ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಒಳಗಿನಿಂದ ಕಾಫಿಯ ಪರಿಮಳ ಬರುತ್ತಿತ್ತು. ಮೇಜಿನ ಮೇಲೆ ಎರಡು ಬಟ್ಟಲು ಇದ್ದವು. ಒಂದು ಅಜ್ಜಿಯದು, ಇನ್ನೊಂದು ಅಂಚು ಒಡೆದ ಅಜ್ಜನ ಬಟ್ಟಲು.

"ಅವನಲ್ಲ ಅಂತ ಗೊತ್ತಿತ್ತು ಕಣೇ," ಅಜ್ಜಿ ನಗುತ್ತಲೇ ಕಣ್ಣೊರೆಸಿಕೊಂಡಳು. "ಆದ್ರೂ ಕೈ ತಾನಾಗೇ ಹೋಗಿ ನೀರಿಟ್ಟುಬಿಡ್ತು. ಬಾ... ಎಷ್ಟು ಚೆನ್ನಾಗಿ ಹಾಡ್ಕೊಂಡು ಬಂದೆ!"

ಆಮೇಲೆ ಬಾಗಿಲಲ್ಲಿ ಹಿಂಜರಿಯುತ್ತಾ ನಿಂತ ಎಮಿಲನ ಮೇಲೆ ಅವಳ ಕಣ್ಣು ಬಿತ್ತು.

"ಇವನ್ಯಾರು?"

"ದಾರೀಲಿ ಸಿಕ್ಕಿದ್ರು ಅಜ್ಜಿ. ದೋಣಿ ಕಟ್ಟೋಕೆ ಸಹಾಯ ಮಾಡಿದ್ರು. ಆ ಕಡೆ ನಿಂತು..."

"ಆ ಕಡೆ ನಿಂತನಾ?" ಅಜ್ಜಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಕೂತ್ಕೊಳಪ್ಪಾ," ಎಂದು ಅಜ್ಜನ ಬಟ್ಟಲನ್ನು ಅವನ ಮುಂದಿಟ್ಟಳು.

ಮರುದಿನ ಬೆಳಗ್ಗೆ ಕೊಲ್ಲಿಯ ತುಂಬ ದೋಣಿಗಳು. ಅವುಗಳ ನಡುವೆ ಕೆಂಪು ದೋಣಿ. ಮುಂದೆ ಬಿಳಿ ಶಾಲು ಹೊದ್ದ ಹಿಲ್ಯಾ ಅಜ್ಜಿ ರಾಣಿಯಂತೆ ಕೂತಿದ್ದಳು, ಹಿಂದೆ ಸೈಮಿ ಹುಟ್ಟು ಹಾಕುತ್ತಿದ್ದಳು. ಪಾದ್ರಿ ಟೊಯ್ವೋ ದಂಡೆಯಲ್ಲಿ ನಿಂತು ಕೂಗಿದರು: "ಉರ್ಹೋನ ದೋಣಿ! ಕರ್ತನ ಮನೆಗೆ ಸ್ವಾಗತ!" ತೆರೆದ ಕಿಟಕಿಯಿಂದ ಹಾರ್ಮೋನಿಯಂ ಮೊಳಗಿತು. ಸೈಮಿ ಹುಟ್ಟು ನಿಲ್ಲಿಸಿ ಕೇಳಿದಳು. ಒಂದೇ ಒಂದು ಸ್ವರವೂ ತಪ್ಪಿರಲಿಲ್ಲ.

ಆ ಬೇಸಿಗೆ ಎಮಿಲ್ ವಾರವಾರವೂ ಬಂದ. ಹಾರ್ಮೋನಿಯಂ ಹೇಗಿದೆಯೋ ನೋಡಿ ಹೋಗಲು!

"ನಲವತ್ತು ವರ್ಷ ಕೆಡದೆ ಇದ್ದ ಪೆಟ್ಟಿಗೆ," ಎನ್ನುತ್ತಿದ್ದರು ಪಾದ್ರಿಗಳು ಮೀಸೆಯಡಿಯಲ್ಲಿ ನಗುತ್ತಾ, "ನೀನು ಸರಿ ಮಾಡಿದ ಮೇಲೆ ಯಾಕೋ ವಾರವಾರ ನೋಡಬೇಕಾಗ್ತಿದೆ!"

ರಜೆಯಲ್ಲಿ ಅಜ್ಜಿಯ ಜೊತೆಗಿದ್ದ ಸೈಮಿಗೆ ಮಾತ್ರ ಒಂದೇ ಚಿಂತೆ. 'ಇವನು ಬರೋದು ನನಗಾಗಿಯಾ... ಅಜ್ಜಿಯ ಏಲಕ್ಕಿ ಬ್ರೆಡ್ಡಿಗಾಗಿಯಾ?'

ಶಾಲೆ ಶುರುವಾಗಿ ಅವಳು ಶನಿವಾರಗಳಲ್ಲಷ್ಟೇ ಬರುವಂತಾಯಿತು. ಬರ್ಚ್ ಮರಗಳು ಹಳದಿಗೆ ತಿರುಗಿದ ಒಂದು ಶನಿವಾರ ಅಜ್ಜಿ ಅಪ್ಪಣೆ ಮಾಡಿದಳು. "ಎಲೆ ಉದುರೋ ಮೊದಲು ನಿನ್ನಜ್ಜ ಒಂದು ಸಲ ಒಳನಾಡಿನ ಕೆರೆಗೆ ಹೋಗಿ ಮೀನು ತರ್ತಿದ್ದ. ಈ ವರ್ಷ ನೀವಿಬ್ಬರೂ ಹೋಗಿ ಬನ್ನಿ. ದೋಣಿ ಕಟ್ಟಿ!"

ದೋಣಿಯನ್ನು ಎತ್ತಿ ಕಾರಿನ ಮೇಲೆ ಮಗುಚಿದರು. ಸೈಮಿ ಈ ಬದಿ, ಎಮಿಲ್ ಆ ಬದಿ. ನಡುವೆ ಕೆಂಪು ದೋಣಿ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮಾತಾಡಲು ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

"ಸೈಮಿ..."

"ಹೂಂ?"

"ಪಾದ್ರಿಗಳು ಇವತ್ತು ಹೇಳಿಬಿಟ್ರು. ಹಾರ್ಮೋನಿಯಂ ಸರಿಯಾಗಿದೆ, ಇನ್ನು ಮುಟ್ಟಬೇಡ ಅಂತ."

ಸೈಮಿಯ ಕೈ ಪಟ್ಟಿಯ ಮೇಲೆಯೇ ನಿಂತಿತು. "ಹಾಗಾದ್ರೆ... ಇನ್ಮೇಲೆ ಬರಲ್ವಾ?"

"ಬರೋಕೆ ನೆಪ ಇಲ್ಲ. ಇರೋದೊಂದೇ ಕಾರಣ. ಅದನ್ನ ಹೇಳೋಕೆ ಬೇಸಿಗೆಯಿಡೀ ಹೆದರಿದೆ. ಅವತ್ತು ನೀನು ಹೇಳಿದ್ದೆ, ಆ ಕಡೆ ಯಾರೂ ಇರಲಿಲ್ಲ ಅಂತ. ಇನ್ನು ಎಲ್ಲಿಗೆ ಹೋಗೋದಾದ್ರೂ... ನಿನ್ನ ಆ ಕಡೆ ನಾನಿರಲಾ?"

ಮೊದಲ ಸಲ 'ನೀನು' ಎಂದಿದ್ದ!

ಸೈಮಿಯ ಕಣ್ಣು ತುಂಬಿ ಬಂದವು. ದೋಣಿಯ ಮೇಲೆ ಹಾಯುವಂತೆ ಪಟ್ಟಿಯನ್ನು ಎಸೆದಳು.

"ಹಿಡಿ!"

ಆಚೆಯಿಂದ ನಗುವೋ ಅಳುವೋ ತಿಳಿಯದ ದನಿ.

"ಹಿಡಿದೆ."

"ಗಟ್ಟಿಯಾಗಿ ಹಿಡಿದ್ಯಾ?"

"ಗಟ್ಟಿಯಾಗಿ."

"ಬಿಡಬೇಡ ಎಮಿಲ್."

"ನೀನು ಎಳಿ. ನಾನು ಬಿಡಲ್ಲ."

ಅಡುಗೆಮನೆಯ ಕಿಟಕಿ ತೆರೆಯಿತು. "ಒಂದು ದೋಣಿ ಕಟ್ಟೋಕೆ ಇಷ್ಟು ಹೊತ್ತೇನ್ರೋ? ಮೀನೆಲ್ಲ ಮುದಿಯಾಗ್ತಾವೆ! ವಾಪಸ್ ಬರೋದು ಯಾವಾಗ? ಕಾಫಿಗೆ ನೀರು ಯಾವಾಗ ಇಡ್ಲಿ?"

ಸೈಮಿ ಕಾರನ್ನು ಸುತ್ತಿ ಬಂದು ಎಮಿಲನ ಕೈಯೊಳಗೆ ತನ್ನ ಕೈಯಿಟ್ಟಳು.

"ನಾವು ಹಾಡ್ತಾ ಬರ್ತೀವಿ ಅಜ್ಜಿ!" ಎಂದು ಕೂಗಿದಳು. "ಕೇಳಿದ ಕೂಡಲೇ ಇಡು!"

"ಮೂರು ಬಟ್ಟಲು," ಎಂದು ಎಮಿಲ್ ಸೇರಿಸಿದ.

"ಗೊತ್ತು ಬಿಡೋ," ಎಂದಳು ಹಿಲ್ಯಾ ಅಜ್ಜಿ. "ಬೇಸಿಗೆಯಿಂದ ಮೂರೇ ಇಡ್ತಿದೀನಿ."